ಕಡಲೂರಿಗೆ ಮನೆ ಮಾಡೋ ಮುಂಚೆ ಒಂದು ಮಳೆಗಾಲ

(ಪಟ್ಟಣ ಬಿಟ್ಟು ಕರಾವಳಿ ಕಡೆ ಹೋಗಿ ನೆಲೆಸೋ ಯೋಚನೆ ಇರೋ ಕೆಲವರು ಬೆಂಗಳೂರಲ್ಲಿ ಒಂದು ಭಾನುವಾರ ಸೇರಿದ್ರು, ಅಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೇಳಿದ್ದಕ್ಕೆ ಮಾತಾಡಿದ ಹಾಗೇ ಬರೆದಿದೀನಿ, ಕೊನೇಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಸುಮಾರು ಜನರ ಮನಸ್ಸಲ್ಲಿ ಈಗಾಗ್ಲೇ ಒಂದು ಮನೆ ಕಟ್ಟಾಗಿದೆ ಅಂತ ನಂಗೆ ಗೊತ್ತು. ಹಂಚಿನ ಮಾಡು, ಉದ್ದಕ್ಕೆ ಜಗಲಿ, ಅಂಗಳದಲ್ಲಿ ತುಳಸಿಕಟ್ಟೆ, ಹಿಂದೆ ಬಾವಿ, ನಾಲ್ಕು ಹೆಜ್ಜೆ ನಡೆದ್ರೆ ಸಮುದ್ರ. ಕುಮಟಾನೋ ಹೊನ್ನಾವರಾನೋ ಗೋಕರ್ಣದ ಹತ್ರ ಯಾವ್ದೋ ಸಣ್ಣ ಊರೋ. ಆ ಮನೆ ಬಗ್ಗೆ ನಾನು ಕೆಟ್ಟದ್ದು ಮಾತಾಡೋಕೆ ಬಂದಿಲ್ಲ, ಯಾಕಂದ್ರೆ ನಾನೂ ಅಂಥದ್ದೇ ಆಸೆಯಿಂದ ವಾಪಸ್ ಹೋದವಳು. ಹುಟ್ಟಿದ್ದು ಕುಮಟಾ ತಾಲ್ಲೂಕಲ್ಲಿ, ಓದು ಮುಗಿಸಿ ನಮ್ಮ ಕಡೆಯವರೆಲ್ಲ ಮಾಡೋ ಹಾಗೆ ಘಟ್ಟ ಹತ್ತಿ ಇಲ್ಲಿಗೆ ಬಂದು ವರ್ಷಗಟ್ಟಲೆ ದುಡಿದು, ಆಮೇಲೆ ಅಮ್ಮಂಗೆ ವಯಸ್ಸಾಯ್ತು ಅಂತ ಇಳಿದು ಹೋದೆ, ಈಗ ಅಲ್ಲೇ ಇದೀನಿ, ಅಲ್ಲೇ ಇರ್ತೀನಿ. ಹಾಗಾಗಿ ವಾರಕ್ಕೊಬ್ರಾದ್ರೂ ಫೋನ್ ಮಾಡಿ ಕೇಳ್ತಾರೆ, ಅಲ್ಲೆಲ್ಲಾದ್ರೂ ಹತ್ತು ಗುಂಟೆ ಜಾಗ ಇದ್ರೆ ಹೇಳಿ ಮಾರಾಯ್ರೆ, ಈ ಟ್ರಾಫಿಕ್ ಸಾಕಾಗಿದೆ, ಶಾಂತವಾಗಿ ಇದ್ಬಿಡ್ತೀವಿ ಅಂತ. ಅವರಿಗೆಲ್ಲ ಫೋನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನ ಇವತ್ತು ಒಟ್ಟಿಗೆ ಹೇಳ್ತೀನಿ.

ಮೊದಲ್ನೇ ಪ್ರಶ್ನೆ ನನ್ನದು. ನೀವು ಆ ಊರನ್ನ ನೋಡಿರೋದು ಯಾವ ತಿಂಗಳಲ್ಲಿ? ಹತ್ತಕ್ಕೆ ಒಂಬತ್ತು ಜನ ಡಿಸೆಂಬರ್, ಜನವರಿ ಅಂತಾರೆ, ಕ್ರಿಸ್‌ಮಸ್ ರಜೆ, ಸಂಕ್ರಾಂತಿ ಲಾಂಗ್ ವೀಕೆಂಡು. ಆ 2 ತಿಂಗಳು ನಮ್ಮೂರು ನಿಜವಾಗ್ಲೂ ಸ್ವರ್ಗವೇ, ಬೆಳಗ್ಗೆ ಸ್ವಲ್ಪ ಚಳಿ, ಸಮುದ್ರ ಶಾಂತ, ರಾತ್ರಿ ಯಾವ್ದಾದ್ರೂ ಗದ್ದೆ ಬಯಲಲ್ಲಿ ಯಕ್ಷಗಾನದ ಚೆಂಡೆ. ಆದ್ರೆ ವರ್ಷದಲ್ಲಿ ಇನ್ನೂ 10 ತಿಂಗಳು ಇದೆ, ಮತ್ತೆ ಅಲ್ಲಿ ಬದುಕೋದು ಅಂದ್ರೆ ಆ 10 ತಿಂಗಳು ಬದುಕೋದು.

ಮಳೆಯಿಂದ ಶುರು ಮಾಡ್ತೀನಿ. ಕುಮಟಾ ಹೊನ್ನಾವರ ಕಡೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಬೆಂಗಳೂರಿಗೆ ಸಾಮಾನ್ಯವಾಗಿ 1000ದ ಆಸುಪಾಸು. ಮತ್ತೆ ಅಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗತ್ತೆ. ಜುಲೈಯಲ್ಲಿ ಬಿಸಿಲು ಅಂತ ಒಂದು ಇತ್ತು ಅನ್ನೋದೇ ಮರೆತು ಹೋಗೋ ವಾರಗಳಿರ್ತವೆ. ಬಟ್ಟೆ ಒಣಗಲ್ಲ, ಒಳಗೆ ಹಗ್ಗ ಕಟ್ಟಿ ಫ್ಯಾನ್ ಹಾಕಿದ್ರೂ ಮೂರನೇ ದಿನಕ್ಕೆ ಒಂಥರಾ ವಾಸನೆ, ಚರ್ಮದ ಬೆಲ್ಟು, ಚಪ್ಪಲಿ, ಪುಸ್ತಕದ ಬೆನ್ನು, ಮರದ ಬೀರು ಎಲ್ಲದರ ಮೇಲೂ ಬೂಷ್ಟು. ಲ್ಯಾಪ್‌ಟಾಪು, ಕ್ಯಾಮೆರಾ ಲೆನ್ಸು ಇರೋರು ಅದಕ್ಕೇ ಅಂತ ಗಾಳಿಯಾಡದ ಡಬ್ಬ ಇಟ್ಕೊಂಡಿರ್ಬೇಕು. ಗಾಳಿ ಬಂದ್ರೆ ತೆಂಗಿನ ಹೆಡೆ ಬಿದ್ದು ತಂತಿ ಹರಿಯತ್ತೆ, ಕರೆಂಟು ಹೋದ್ರೆ ಒಂದು ಗಂಟೇಲಿ ಬರಬಹುದು, ಮಾರನೇ ದಿನ ಸಂಜೆಯೂ ಆಗಬಹುದು, ಲೈನ್‌ಮನ್ ಬೇಕಂತ ತಡ ಮಾಡೋದಲ್ಲ, ಆ ಪುಣ್ಯಾತ್ಮ ಆ ಸುರಿಯೋ ಮಳೇಲಿ ಕಾಡಿನ ಮಧ್ಯೆ ಕಂಬ ಹತ್ತಿರ್ತಾನೆ. ಕರೆಂಟಿನ ಜೊತೆ ಇಂಟರ್ನೆಟ್ಟೂ ಹೋಗತ್ತೆ. ಮನೆಯಿಂದ ಕೆಲಸ ಅಂತ ಆಫೀಸಲ್ಲಿ ಒಪ್ಪಿಸಿಕೊಂಡು ಬರೋರು ಇದನ್ನ ಬರೆದಿಟ್ಕೊಳ್ಳಿ, ಒಳ್ಳೇ ಇನ್ವರ್ಟರ್, ಎರಡು ಬೇರೆ ಬೇರೆ ಕಂಪನಿಯ ನೆಟ್ಟು, ಮತ್ತೆ ಪೇಟೆಯಲ್ಲಿ ಕೂತು ಕೆಲಸ ಮಾಡೋಕೆ ಪರಿಚಯದವರ ಒಂದು ಕೋಣೆ, ಈ ಮೂರೂ ಇಲ್ದೆ ಮುಖ್ಯವಾದ ಮೀಟಿಂಗ್ ಇಟ್ಕೋಬೇಡಿ.

ಇದನ್ನ ಹೆದರಿಸೋಕೆ ಹೇಳ್ತಿಲ್ಲ. ನಂಗೆ ಆ ಮಳೆ ಅಂದ್ರೆ ಪ್ರಾಣ. ಆದ್ರೆ ಅದು ಎಲ್ಲರಿಗೂ ಹಿಡಿಸಲ್ಲ, 3 ವಾರ ಬೆಳಕಿಲ್ದೆ ಮನಸ್ಸು ಕುಗ್ಗಿ ಹೋಗೋರು ಇದ್ದಾರೆ, ಅದು ಅವರ ತಪ್ಪೂ ಅಲ್ಲ ಊರಿನ ತಪ್ಪೂ ಅಲ್ಲ. ಜಾಗ ತಗೊಂಡು ಮನೆ ಕಟ್ಟಿದ್ಮೇಲೆ ಅದು ಗೊತ್ತಾಗೋದು ಬೇಡ ಅಂತ ಅಷ್ಟೇ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮರಿ ಹಾಕೋ ಕಾಲ. ಆಗ ದೋಣಿಗಳೆಲ್ಲ ಬಂದರಲ್ಲಿ ಸುಮ್ನೆ ನಿಂತಿರ್ತವೆ, ಮೀನು ಮಾರ್ಕೆಟ್ಟಲ್ಲಿ ಹೊಳೆ ಮೀನು, ಬಳಚು ಅನ್ನೋ ಚಿಪ್ಪುಮೀನು, ಒಣಮೀನು. ಬೆಂಗಳೂರಿನ ಸೂಪರ್ ಮಾರ್ಕೆಟ್ ಲೆಕ್ಕದಲ್ಲಿ ಎಲ್ಲವೂ ಎಲ್ಲಾ ಕಾಲದಲ್ಲೂ ಸಿಗ್ಬೇಕು ಅನ್ನೋರಿಗೆ ಇದು ಕಷ್ಟ. ನಮಗೆ ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಕುಮಟಾದ ಸಿಹಿ ಈರುಳ್ಳಿ ಜಡೆ ಹೆಣೆದು ತೂಗುಹಾಕಿದಾಗಲೇ ಈರುಳ್ಳಿ ಕೊಳ್ಳೋ ಖುಷಿ, ಅಂಕೋಲೆಯ ಕರಿ ಇಶಾಡು ಮಾವಿನಹಣ್ಣು ಬಂದಾಗಲೇ ಹಣ್ಣಿನ ಖುಷಿ, ಮಳೆ ಬಿದ್ರೆ ಅದೂ ಮುಗೀತು.

ಇನ್ನು ಏಪ್ರಿಲ್, ಮೇ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಇಲ್ಲಿ ಅಭ್ಯಾಸ ಆದ ಮೈಗೆ ಅಲ್ಲಿಯ ಸೆಕೆ ಮೊದಲ ವರ್ಷ ಅಕ್ಷರಶಃ ತಡೆಯೋಕಾಗಲ್ಲ, ಥರ್ಮಾಮೀಟರ್ 34 ತೋರಿಸ್ತಿರತ್ತೆ ಆದ್ರೆ ಸ್ನಾನ ಮಾಡಿ ಹೊರಗೆ ಬರೋದ್ರೊಳಗೆ ಮತ್ತೆ ಬೆವರು. ಅದೇ ಹೊತ್ತಿಗೆ ಬಾವಿ ನೀರು ಕೆಳಗೆ ಹೋಗತ್ತೆ, ಕಡಲಿಗೆ ಅಥವಾ ಹೊಳೆ ಬಾಯಿಗೆ ಹತ್ತಿರ ಇರೋ ಬಾವಿಗಳಲ್ಲಿ ನೀರು ಉಪ್ಪಾಗತ್ತೆ. 3500 ಮಿಲಿಮೀಟರ್ ಮಳೆ ಬೀಳೋ ಊರಲ್ಲಿ ಮೇ ತಿಂಗಳಲ್ಲಿ ಟ್ಯಾಂಕರ್ ಕಾಯೋದು ಅಂದ್ರೆ ಹೊರಗಿನವರು ನಂಬಲ್ಲ, ಆದ್ರೆ ಆ ನೀರೆಲ್ಲ ಕೆಂಪುಕಲ್ಲಿನ ಗುಡ್ಡದಿಂದ ಇಳಿದು ಸೀದಾ ಕಡಲಿಗೆ ಓಡಿಬಿಡತ್ತೆ, ನಿಲ್ಲಲ್ಲ. ಜಾಗ ನೋಡೋಕೆ ಹೋದಾಗ ಬಾವಿ ತೋರಿಸ್ತಾರೆ ಅಲ್ವಾ, ಅದನ್ನ ಜನವರಿಯಲ್ಲಿ ನೋಡಿ ಪ್ರಯೋಜನ ಇಲ್ಲ. ಮೇ 15ರ ಮೇಲೆ ಹೋಗಿ, ಒಂದು ಕೊಡ ಸೇದಿ, ಬಾಯಿಗೆ ಹಾಕಿ ನೋಡಿ. ಪಕ್ಕದ ಮನೆಯವರನ್ನೂ ಕೇಳಿ, ಅವರು ಸುಳ್ಳು ಹೇಳಲ್ಲ.

ಈಗ ನಾನು ಇವತ್ತು ಹೇಳ್ಲೇಬೇಕು ಅಂತ ಬಂದಿರೋ ವಿಷಯಕ್ಕೆ ಬರ್ತೀನಿ. ಆಸ್ಪತ್ರೆ.

ಉತ್ತರ ಕನ್ನಡ ಜಿಲ್ಲೆಯಲ್ಲಿ ವೈದ್ಯರಿಲ್ಲ ಅಂತಲ್ಲ, ತುಂಬಾ ಒಳ್ಳೆಯ ವೈದ್ಯರಿದ್ದಾರೆ, ತಾಲ್ಲೂಕು ಆಸ್ಪತ್ರೆಗಳಿವೆ, ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಜ್ವರ, ಹೆರಿಗೆ, ಮುರಿದ ಕೈ, ಸಕ್ಕರೆ ಕಾಯಿಲೆ ಇವಕ್ಕೆಲ್ಲ ನಡೆಯತ್ತೆ. ಆದ್ರೆ ತಲೆಗೆ ಜೋರು ಪೆಟ್ಟು ಬಿದ್ರೆ, ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದ್ರೆ, ಹೃದಯದ ದೊಡ್ಡ ತೊಂದರೆ ಆದ್ರೆ ಜಿಲ್ಲೆಯ ಜನ ಇವತ್ತಿಗೂ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಗೋವಾಕ್ಕೋ ಓಡ್ತಾರೆ. ಹೊನ್ನಾವರದಿಂದ ಮಣಿಪಾಲ ಸುಮಾರು 120 ಕಿಲೋಮೀಟರ್. ರಸ್ತೆ ಚೆನ್ನಾಗಿದ್ದು ಮಳೆ ಇಲ್ದೆ ಇದ್ರೆ ಎರಡು, ಎರಡೂವರೆ ಗಂಟೆ. ಪಾರ್ಶ್ವವಾಯು ಆದವರಿಗೆ ಹೆಪ್ಪು ಕರಗಿಸೋ ಇಂಜೆಕ್ಷನ್ ಇದೆಯಲ್ಲ, ಅದನ್ನ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ಈಗ ಲೆಕ್ಕ ಹಾಕಿ. ರಾತ್ರಿ ಒಂದು ಗಂಟೆಗೆ ಯಜಮಾನರ ಮಾತು ತೊದಲತ್ತೆ, ಅದು ಏನು ಅಂತ ಅರ್ಥ ಆಗೋಕೆ ಅರ್ಧ ಗಂಟೆ, ಆಂಬುಲೆನ್ಸ್ ಬರೋಕೆ ಇಷ್ಟು, ಸ್ಥಳೀಯ ಆಸ್ಪತ್ರೇಲಿ ನೋಡಿ ಇಲ್ಲಿ ಆಗಲ್ಲ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಬರೆದುಕೊಡೋಕೆ ಇಷ್ಟು, ಆಮೇಲೆ ಆ 120 ಕಿಲೋಮೀಟರ್, ಅಲ್ಲಿ ಹೋಗಿ ಸ್ಕ್ಯಾನು. ಎಲ್ಲವೂ ಸರಿಯಾಗಿ ನಡೆದ್ರೂ ಅಂಚಿಗೆ ಬಂದು ನಿಲ್ಲತ್ತೆ.

2022ರ ಜುಲೈ 20. ಹೊನ್ನಾವರದಿಂದ ರೋಗಿಯನ್ನ ಕರ್ಕೊಂಡು ದಕ್ಷಿಣಕ್ಕೆ ಹೊರಟಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಲ್ಲಿ, ಒದ್ದೆ ರಸ್ತೆ ಮೇಲೆ ಜಾರಿ ಪಲ್ಟಿ ಆಯ್ತು. ನಾಲ್ಕು ಜನ ಹೋದ್ರು. ಆ ವಿಡಿಯೋ ನೀವು ಕೆಲವರು ನೋಡಿರ್ತೀರಿ. ಅದಾದ್ಮೇಲೆ ಜಿಲ್ಲೆಯ ಹುಡುಗರು, ಜಿಲ್ಲೆ ಬಿಟ್ಟು ಬೆಂಗಳೂರು ಮುಂಬಯಿ ದುಬೈಲಿ ಇದ್ದವರೆಲ್ಲ ಸೇರಿ ನಮಗೊಂದು ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಆನ್‌ಲೈನಲ್ಲಿ ದೊಡ್ಡ ಅಭಿಯಾನ ಮಾಡಿದ್ರು, ಬೀದಿಗೂ ಇಳಿದ್ರು. ಭರವಸೆ ಎಲ್ಲಾ ಪಕ್ಷದವರೂ ಕೊಟ್ರು. ನಾನು ಇದನ್ನ ಹೇಳುವಾಗ ನಂಗೆ ಇವತ್ತಿಗೂ ಗಂಟಲು ಕಟ್ಟತ್ತೆ, ಯಾಕಂದ್ರೆ ನಮ್ಮ ಕಡೆ ಪ್ರತಿ ಮನೆಗೂ ಹೀಗೆ ದಾರಿಯಲ್ಲಿ ಕಳಕೊಂಡ ಒಬ್ಬರ ನೆನಪಿದೆ.

ಹಾಗಾಗಿ 60 ದಾಟಿದವರು, ಹೃದಯದ್ದೋ ಕಿಡ್ನಿದ್ದೋ ಸಮಸ್ಯೆ ಈಗಾಗ್ಲೇ ಇರೋರು, ನಿವೃತ್ತಿ ಆದ್ಮೇಲೆ ಕಡಲ ಹತ್ರ ಶಾಂತವಾಗಿ ಅಂತ ಬಂದು ಕೇಳಿದ್ರೆ ನಾನು ಸೀದಾ ಹೇಳ್ತೀನಿ, ಕಡಲೇ ಬೇಕು ಅಂದ್ರೆ ಕುಂದಾಪುರದಿಂದ ಉಡುಪಿವರೆಗಿನ ಪಟ್ಟಿ ನೋಡಿ. ಅಲ್ಲೂ ಅದೇ ಅರಬ್ಬೀ ಸಮುದ್ರ, ಅದೇ ಕುಚ್ಚಲಕ್ಕಿ ಗಂಜಿ, ಮತ್ತೆ ಮಣಿಪಾಲ ಹೆಚ್ಚಂದ್ರೆ ಒಂದು ಗಂಟೆ. ಕುಮಟಾದವಳಾಗಿ ಇದನ್ನ ಹೇಳೋಕೆ ನಂಗೆ ಸಂಕಟ, ಆದ್ರೆ ಹೇಳದೆ ಇದ್ರೆ ತಪ್ಪಾಗತ್ತೆ.

ರಸ್ತೆ, ರೈಲು. ಕೊಂಕಣ ರೈಲ್ವೆ ಬರೋವರೆಗೆ ನಮ್ಮ ಕಡೆಗೆ ರೈಲೇ ಇರಲಿಲ್ಲ, 1998ರ ಜನವರಿಯಲ್ಲಿ ಅದು ಪೂರ್ತಿ ಶುರುವಾಗಿ ಬದುಕು ಬದಲಾಯ್ತು, ಈಗ ರಾತ್ರಿ ಬೆಂಗಳೂರಲ್ಲಿ ಪಂಚಗಂಗಾ ಹತ್ತಿ ಮಲಗಿದ್ರೆ ಬೆಳಗ್ಗೆ ಊರು. ಆದ್ರೆ ಮಳೆಗಾಲಕ್ಕೆ ಆ ಹಳಿಗೆ ಬೇರೆ ವೇಳಾಪಟ್ಟಿ, ವೇಗ ಕಮ್ಮಿ, ಗುಡ್ಡ ಜರಿದ್ರೆ ರೈಲೇ ರದ್ದು. ಘಟ್ಟದ ರಸ್ತೆಗಳೂ ಹಾಗೇ, ದೇವಿಮನೆ, ಶಿರಾಡಿ, ಅರಬೈಲು, ಯಾವುದು ಯಾವಾಗ ಮುಚ್ಚತ್ತೋ ಅಂತ ಜುಲೈಯಲ್ಲಿ ದಿನಾ ಬೆಳಗ್ಗೆ ವಾಟ್ಸಾಪಲ್ಲಿ ನೋಡ್ಕೋಬೇಕು. 2024ರ ಜುಲೈ 16ಕ್ಕೆ ಅಂಕೋಲಾ ತಾಲ್ಲೂಕಿನ ಶಿರೂರಲ್ಲಿ, ಇದು ಬೇರೆ ಶಿರೂರು, ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದು ರಸ್ತೆ ಬದಿಯ ಚಹಾ ಅಂಗಡಿ, ಅದನ್ನ ನಡೆಸ್ತಿದ್ದ ಸಂಸಾರ, ನಿಂತಿದ್ದ ಲಾರಿ ಎಲ್ಲ ಗಂಗಾವಳಿ ನದಿಗೆ ಹೋಯ್ತು, ನದಿಯ ಆಚೆ ದಡದ ಉಳುವರೆ ಊರಿನ ಮನೆಗಳಿಗೂ ನೀರು ಉಕ್ಕಿ ಬಡೀತು. ನದಿ ತಳದಿಂದ ಒಂದು ಲಾರಿ ಮೇಲೆ ಬಂದಿದ್ದು ಸೆಪ್ಟೆಂಬರಿನಲ್ಲಿ. ರಸ್ತೆ ಅಗಲ ಮಾಡೋಕೆ ಗುಡ್ಡದ ಬುಡ ನೇರಕ್ಕೆ ಕಡಿದ್ರು, ನೀರು ಕುಡಿದ ಮಣ್ಣು ನಿಲ್ಲಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಕಾರವಾರದ ಹತ್ರ ಕಾಳಿ ನದಿಯ ಹಳೇ ಸೇತುವೆ ರಾತ್ರಿ ಮುರಿದು ಬಿತ್ತು. ಮನೆಗೆ ಜಾಗ ಹುಡುಕೋವಾಗ ಹೆದ್ದಾರಿಗೆ ಹತ್ತಿರ ಇದೆ, ಗುಡ್ಡದ ಮೇಲಿಂದ ವ್ಯೂ ಇದೆ ಅಂತ ತೋರಿಸ್ತಾರಲ್ಲ, ಆ ಗುಡ್ಡದ ಬುಡ ಯಾರು ಎಷ್ಟು ಕಡಿದಿದ್ದಾರೆ ಅಂತ ಕೆಳಗಿಳಿದು ನೋಡಿ.

ಜಾಗದ ವಿಷಯ ಅಂದ್ರೆ ಒಂದು ದಿನ ಪೂರ್ತಿ ಮಾತಾಡಬಹುದು, ಮುಖ್ಯವಾದ್ದಷ್ಟೇ ಹೇಳ್ತೀನಿ. 2020ರ ಭೂಸುಧಾರಣಾ ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ತಗೋಬಹುದು ಅಂತಾಯ್ತು, ಅಲ್ಲಿಂದ ಬ್ರೋಕರ್‌ಗಳ ಫೋನಿಗೆ ಬಿಡುವಿಲ್ಲ. ಆದ್ರೆ ತಗೊಳ್ಳೋದು ಬೇರೆ, ಮನೆ ಕಟ್ಟೋದು ಬೇರೆ, ಅದಕ್ಕೆ ಭೂಪರಿವರ್ತನೆ ಆಗಬೇಕು. ಕಡಲ ಕಡೆ ಆದ್ರೆ ಸಿಆರ್‌ಝಡ್ ಇದೆ, ಅಂದ್ರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಹಳ್ಳಿ ಪ್ರದೇಶಗಳಲ್ಲಿ ಸಾಮಾನ್ಯವಾಗಿ ಭರತದ ಗೆರೆಯಿಂದ, ಅಂದ್ರೆ ಉಬ್ಬರದ ನೀರು ಮುಟ್ಟೋ ಗೆರೆಯಿಂದ, 200 ಮೀಟರ್ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ಜನದಟ್ಟಣೆ ಜಾಸ್ತಿ ಇರೋ ಕಡೆ 2019ರ ನಿಯಮದಲ್ಲಿ ಕಮ್ಮಿ ಮಾಡಿದ್ದಾರೆ, ನಿಮ್ಮ ಸರ್ವೆ ನಂಬರು ಯಾವುದರಲ್ಲಿ ಬರತ್ತೆ ಅಂತ ನಕ್ಷೆ ನೋಡದೆ ಅಡ್ವಾನ್ಸ್ ಕೊಡಬೇಡಿ. ಈ ನಿಯಮ ಹೊಳೆ ಬಾಯಿಗೂ ಹಿನ್ನೀರಿಗೂ ಅನ್ವಯ ಆಗತ್ತೆ ಅನ್ನೋದು ತುಂಬಾ ಜನರಿಗೆ ಗೊತ್ತಿಲ್ಲ. ನಮ್ಮ ಜಿಲ್ಲೆ ಮುಕ್ಕಾಲು ಪಾಲಿಗಿಂತ ಜಾಸ್ತಿ ಕಾಡು, ಹಾಗಾಗಿ ಬೆಟ್ಟ ಭೂಮಿ, ಅತಿಕ್ರಮಣ ಇವು ಬಹಳ. ತೋಟದ ಜೊತೆ ಬೆಟ್ಟವೂ ಬರತ್ತೆ ಅಂತ ಮಾರೋರು ಹೇಳ್ತಾರೆ, ಆ ಬೆಟ್ಟದಲ್ಲಿ ಸೊಪ್ಪು ಕಡಿಯೋ ಹಕ್ಕು ಇರಬಹುದು ಅಷ್ಟೇ, ಅಲ್ಲಿ ಮನೆ ಕಟ್ಟೋಕಾಗಲ್ಲ. ಉಡುಪಿ ದಕ್ಷಿಣ ಕನ್ನಡದಲ್ಲಿ ಇದೇ ಥರ ಕುಮ್ಕಿ. ಆಮೇಲೆ ಪಹಣಿಯಲ್ಲಿ ಎಷ್ಟು ಹೆಸರಿದೆ ನೋಡಿ. ಅಜ್ಜನ ಹೆಸರಲ್ಲೇ ಉಳಿದಿರೋ ಜಾಗಗಳೇ ಜಾಸ್ತಿ, ಮುಂಬಯಿಯಲ್ಲಿರೋ ಅತ್ತೆ, ಪುಣೆಯಲ್ಲಿರೋ ಚಿಕ್ಕಪ್ಪನ ಮಕ್ಕಳು ಎಲ್ಲರ ಸಹಿ ಬೇಕು, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬೇಡ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ, 2005ರಿಂದ ಅವರಿಗೂ ಸಮಪಾಲು.

ಮತ್ತೆ ಒಂದು ಕೈಮುಗಿದು ಕೇಳ್ಕೋತೀನಿ. ಅಘನಾಶಿನಿ ಹೊಳೆ ಕಡಲು ಸೇರೋ ಕಡೆ, ಮಾಣಿಕಟ್ಟಾ ಆ ಕಡೆ ಎಲ್ಲ, ಗಜನಿ ಗದ್ದೆಗಳಿವೆ, ಭರತ ಬಂದಾಗ ಉಪ್ಪುನೀರು ಒಳಗೆ ಬರೋ ಗದ್ದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಅಂತ ಉಪ್ಪು ತಡೆಯೋ ಭತ್ತ ಬೆಳೀತಾರೆ, ಕೊಯ್ಲಾದ್ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಊರೆಲ್ಲ ಸೇರಿ ಒಡ್ಡು ಕಟ್ಟಿ ಕಾಪಾಡಿಕೊಂಡು ಬಂದ ಜಮೀನು ಅದು. ಕೂಲಿ ಸಿಗಲ್ಲ ಒಡ್ಡು ಒಡೀತು ಅಂತ ಎಷ್ಟೋ ಕಡೆ ಹಾಳುಬಿದ್ದಿದೆ, ಅದನ್ನ ತೋರಿಸಿ ವಾಟರ್‌ಫ್ರಂಟ್ ಪ್ಲಾಟು ಅಂತ ಹೇಳೋರು ಇದ್ದಾರೆ. ಆ ಅಳಿವೆ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ, ಬಳಚು ಹೆಕ್ಕಿ ಬದುಕೋ ಸಾವಿರಾರು ಹೆಂಗಸರ ಅನ್ನ ಅಲ್ಲಿದೆ. ದಯವಿಟ್ಟು ಗಜನಿಗೆ ಮಣ್ಣು ತುಂಬಿ ಮನೆ ಕಟ್ಟಬೇಡಿ, ಕಾನೂನು ತಡೆಯತ್ತೆ ಅಂತಲ್ಲ, ನೀವು ಯಾವ ಊರು ಚೆನ್ನಾಗಿದೆ ಅಂತ ಬರ್ತಿದ್ದೀರೋ ಆ ಊರೇ ಅದು.

ಇಲ್ಲಿಂದ ನಂಗೆ ನಿಜವಾಗಿ ಹೇಳ್ಬೇಕಾದ ಮಾತು ಶುರುವಾಗತ್ತೆ. ನೀವೆಲ್ಲ ಶಾಂತಿ ಅಂತೀರಲ್ಲ, ನಿಧಾನ ಅಂತೀರಲ್ಲ. ನಮ್ಮೂರು ಯಾಕೆ ಅಷ್ಟು ಸದ್ದಿಲ್ಲದೆ ಇದೆ ಅಂತ ಯೋಚನೆ ಮಾಡಿದ್ದೀರಾ? ಜನ ಇಲ್ಲ. ಅದಕ್ಕೇ ಸದ್ದಿಲ್ಲ. ನನ್ನ ಕೇರಿಯಲ್ಲಿ ನಾನು ಚಿಕ್ಕವಳಿದ್ದಾಗ ದೀಪ ಉರೀತಿದ್ದ ಮನೆಗಳಲ್ಲಿ ಅರ್ಧಕ್ಕೆ ಬೀಗ ಬಿದ್ದಿದೆ, ಚೌತಿಗೆ ಬಂದು ಬಾಗಿಲು ತೆಗೆದು ಗಣಪತಿ ಇಟ್ಟು ಮತ್ತೆ ಬೀಗ ಹಾಕಿ ಹೋಗ್ತಾರೆ. ಕರಾವಳಿಯವರು ನೂರು ವರ್ಷದಿಂದ ಮುಂಬಯಿಗೆ, ಆಮೇಲೆ ಬೆಂಗಳೂರಿಗೆ, ಕೊಲ್ಲಿಗೆ ಹೋಗ್ತಾನೇ ಇದ್ದಾರೆ, ಹೋಟೆಲಿಗೆ, ಬ್ಯಾಂಕಿಗೆ, ಈಗ ಸಾಫ್ಟ್‌ವೇರಿಗೆ. ಉಳಿದವರು ವಯಸ್ಸಾದವರು, ಮತ್ತೆ ಹೋಗೋಕೆ ಆಗದವರು. ಬಾವಿ ಕಟ್ಟೆ ಮೇಲೆ ಕೂತಿರೋ ಅಜ್ಜಿಯನ್ನ ನೋಡಿ ಎಂಥಾ ಶಾಂತಿ ಅಂತ ನೀವು ಫೋಟೋ ತೆಗೀತೀರಿ, ಅವಳು ಕಾಯ್ತಿರೋದು ಮಗನ ಫೋನಿಗೆ.

ನಿಧಾನ ಅನ್ನೋದೂ ಅಷ್ಟೇ. ಬೆಳಗಿನ ಜಾವ ನಾಲ್ಕು ಗಂಟೆಗೆ ಬಂದರಿಗೆ ಬನ್ನಿ, ಬುಟ್ಟಿ ಹಿಡಿದು ಹರಾಜಿಗೆ ನಿಂತ ಮೀನುಗಾರ ಹೆಂಗಸರನ್ನ ನೋಡಿ, ಆರಕ್ಕೆ ಅವರು ಟೆಂಪೋದಲ್ಲಿ, ಎಂಟಕ್ಕೆ ಘಟ್ಟದ ಮೇಲಿನ ಊರಿನ ಮನೆಬಾಗಿಲಲ್ಲಿ. ತಲೆ ಮೇಲೆ ಬಸಳೆ ಹರಿವೆ ಕಟ್ಟು ಹೊತ್ತು ಬರೋ ಹಾಲಕ್ಕಿ ಸಮುದಾಯದ ಹೆಂಗಸರನ್ನ ನೋಡಿ. ಅಡಿಕೆ ಕೊಯ್ಲಿನ ತಿಂಗಳಲ್ಲಿ ಯಾರಿಗೂ ಮಾತಾಡೋಕೆ ಪುರುಸೊತ್ತಿಲ್ಲ. ಬೇರೆಯವರ ದುಡಿಮೆ ನಮಗೆ ಕಾಣದೆ ಇದ್ರೆ ಊರು ನಿಧಾನ ಅನ್ಸತ್ತೆ. ಸಂಬಳ ಬೆಂಗಳೂರಿಂದ ಬರತ್ತೆ, ಖರ್ಚು ಕುಮಟಾದಲ್ಲಿ, ಅದರ ನಡುವಿನ ಆರಾಮನ್ನ ನಾವು ಊರಿನ ಗುಣ ಅಂತ ತಿಳ್ಕೋತೀವಿ.

ಹಾಗಂತ ಬರಬೇಡಿ ಅಂತಲ್ಲ. ಬನ್ನಿ. ನಮಗೆ ಜನ ಬೇಕು. ಬೀಗ ಬಿದ್ದ ಮನೆಗಳಲ್ಲಿ ದೀಪ ಬೇಕು, ಮುಚ್ಚೋಕೆ ಬಂದ ಕನ್ನಡ ಶಾಲೆಗಳಲ್ಲಿ ಮಕ್ಕಳು ಬೇಕು. ಆದ್ರೆ ನೋಡೋಕೆ ಮಾತ್ರ ಬರೋರಾದ್ರೆ ರಜೆಗೆ ಬಂದು ಹೋದ್ರೆ ಸಾಕು, ಜಾಗ ತಗೊಂಡು ಕಾಂಪೌಂಡ್ ಹಾಕಿ ಗೇಟಿಗೆ ಕ್ಯಾಮೆರಾ ಇಟ್ಟು ವರ್ಷಕ್ಕೆ ಇಪ್ಪತ್ತು ದಿನ ಬರೋದ್ರಿಂದ ನಮ್ಮೂರಿಗೆ ಒಂದು ಬೀಗ ಜಾಸ್ತಿ ಆಯ್ತು ಅಷ್ಟೇ, ಮತ್ತೆ ಗುಂಟೆ ಬೆಲೆ ಏರಿ ಅಲ್ಲೇ ಹುಟ್ಟಿದ ಮೇಷ್ಟ್ರಿಗೋ ನರ್ಸಿಗೋ ಮನೆ ಕಟ್ಟೋಕಾಗಲ್ಲ.

ಬರೋದು ಅಂದ್ರೆ ಅಲ್ಲಿಯ ತಾಪತ್ರಯಗಳು ನಿಮ್ಮದಾಗೋದು. ಆಸ್ಪತ್ರೆ ಹೋರಾಟ ಅಂತ ಹೇಳಿದ್ನಲ್ಲ, ಅದರಲ್ಲಿ ನೀವೂ ಇರಬೇಕು, ನಿಮ್ಮಲ್ಲಿ ಡಾಕ್ಟರ್ ಇದ್ರೆ ಬಂದು ವಾರಕ್ಕೆ ಎರಡು ದಿನ ಕೂರಬೇಕು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಬೇಡ ಅಂತ ಮೀನುಗಾರರು ವರ್ಷಗಳಿಂದ ಹೋರಾಡ್ತಿದ್ದಾರೆ, ಅದೇ ದಂಡೆಗೆ ಕಡಲಾಮೆ ಮೊಟ್ಟೆ ಇಡೋಕೆ ಬರತ್ತೆ. ಅಂಕೋಲೆಯ ಕೇಣಿಯಲ್ಲೂ ಬಂದರಿನ ವಿರುದ್ಧ ಜನ ಎದ್ದಿದ್ದಾರೆ. ಅಭಿವೃದ್ಧಿ ಬೇಕು ಅನ್ನೋರೂ ಅಲ್ಲೇ ಇದ್ದಾರೆ, ಕೆಲಸ ಬೇಕಲ್ಲ ಹುಡುಗರಿಗೆ, ಆ ಮಾತಲ್ಲೂ ಹುರುಳಿದೆ. ನನ್ನ ಮನಸ್ಸು ಮೀನುಗಾರರ ಕಡೆ. ನಿಮ್ಮದು ಯಾವ ಕಡೆ ಅಂತ ನಾನು ಹೇಳಲ್ಲ, ಆದ್ರೆ ಅಲ್ಲಿ ಮನೆ ಮಾಡಿ ನಂಗೆ ಇದೆಲ್ಲ ಬೇಡ ನಾನು ಶಾಂತಿಗೆ ಬಂದವನು ಅಂದ್ರೆ ಜನ ನಿಮ್ಮನ್ನ ಕೊನೆವರೆಗೂ ಪ್ರವಾಸಿ ಅಂತಲೇ ನೋಡ್ತಾರೆ.

ಕಲಿಸೋಕೆ ಬರೋದಕ್ಕಿಂತ ಕೇಳೋಕೆ ಬನ್ನಿ. ಕಾಡು ಬೆಳೆಸ್ತೀವಿ, ಸಾವಯವ ಮಾಡ್ತೀವಿ ಅಂತ ಬಹಳ ಜನ ಬರ್ತಾರೆ, ಒಳ್ಳೇದೇ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಮಾಡ್ತಾ ಯಾವ ಮರದ ಬೀಜ ಯಾವಾಗ ಹೆಕ್ಕಬೇಕು ಹೇಗೆ ಮೊಳೆಸಬೇಕು ಅನ್ನೋದನ್ನೆಲ್ಲ ತಲೆಯಲ್ಲಿ ಇಟ್ಕೊಂಡಿದ್ರು, ಒಂದಕ್ಷರ ಓದಿದವರಲ್ಲ, ಪದ್ಮಶ್ರೀ ಬಂತು, 2024ರ ಡಿಸೆಂಬರಲ್ಲಿ ಹೋದ್ರು. ಅಂಥ ತಿಳುವಳಿಕೆ ಇರೋರು ನಿಮ್ಮ ಪಕ್ಕದ ಮನೆಯಲ್ಲೇ ಇರಬಹುದು, ನಿಮ್ಮ ತೋಟಕ್ಕೆ ಕೂಲಿಗೇ ಬರ್ತಿರಬಹುದು. ಅವರನ್ನ ಕೇಳದೆ ಯೂಟ್ಯೂಬ್ ನೋಡಿ ಗಿಡ ನೆಟ್ರೆ ಮೊದಲ ಮಳೆಗೇ ಕೊಚ್ಚಿ ಹೋಗತ್ತೆ.

ಆಮೇಲೆ ಪ್ರಶ್ನೆಗಳು ಬಂದ್ವು, ಎಲ್ಲ ಬರೆಯೋಕಾಗಲ್ಲ, ಮೂರು ಬರೀತೀನಿ.

ಒಬ್ಬರು ಮಕ್ಕಳ ಓದಿನ ಬಗ್ಗೆ ಕೇಳಿದ್ರು. ಹತ್ತನೇ ಕ್ಲಾಸಿನವರೆಗೆ ಕುಮಟಾ ಹೊನ್ನಾವರದಲ್ಲಿ ಯಾವ ಕೊರತೆಯೂ ಇಲ್ಲ, ಕುಮಟಾದ ಗಿಬ್ ಹೈಸ್ಕೂಲಿನಂಥ ಹಳೇ ಶಾಲೆಗಳಿವೆ, ಡಿಗ್ರಿಗೆ ಬಾಳಿಗಾ ಕಾಲೇಜಿದೆ. ಆದ್ರೆ ಮೆಡಿಕಲ್ ಎಂಜಿನಿಯರಿಂಗ್ ಅಂತ ತಲೇಲಿ ಇದ್ರೆ ಪಿಯುಸಿಗೇ ಮಕ್ಕಳು ಮೂಡುಬಿದಿರೆ ಮಂಗಳೂರು ಅಂತ ಹಾಸ್ಟೆಲಿಗೆ ಹೋಗ್ತಾರೆ, ಅದು ಗೊತ್ತಿರಲಿ. ಸೈಕಲ್ ತುಳಿದು ಶಾಲೆಗೆ ಹೋಗಿ, ಸಂಜೆ ದಂಡೆಯಲ್ಲಿ ಆಡಿ, ಕೊಂಕಣಿ, ಹವ್ಯಕ, ನಾಮಧಾರಿ, ಹಾಲಕ್ಕಿ, ಖಾರ್ವಿ ಎಲ್ಲ ಮನೆಯ ಮಕ್ಕಳ ಜೊತೆ ಬೆಳೆಯೋದಿದೆಯಲ್ಲ, ಅದಕ್ಕೆ ನಾನು ಕೊಡೋ ಬೆಲೆ ದೊಡ್ಡದು. ಬರೋದಾದ್ರೆ ಮಗುಗೆ ಹತ್ತು ವರ್ಷ ಆಗೋದ್ರೊಳಗೆ ಬನ್ನಿ, ಹದಿಮೂರು ಹದಿನಾಲ್ಕಕ್ಕೆ ಕಿತ್ತು ನೆಟ್ರೆ ಕಷ್ಟ.

ಇನ್ನೊಬ್ಬ ಹೆಣ್ಣುಮಗಳು, ಒಂಟಿಯಾಗಿರೋರು, ಮದುವೆ ಆಗಿಲ್ಲ, ಸಣ್ಣ ಊರಲ್ಲಿ ಜನ ಸುಮ್ನೆ ಬಿಡ್ತಾರಾ ಅಂತ ಕೇಳಿದ್ರು. ಬಿಡಲ್ಲ. ಯಾರ ಪೈಕಿ, ಯಾವ ಜಾತಿ, ಯಾಕೆ ಒಬ್ರೇ, ಸಂಬಳ ಎಷ್ಟು, ಎಲ್ಲಾ ಕೇಳ್ತಾರೆ, ಬಾಡಿಗೆ ಮನೆ ಕೊಡೋವಾಗ ಜಾತಿ, ಊಟ ನೋಡ್ತಾರೆ, ಅದು ಕೆಟ್ಟದ್ದು, ಅದನ್ನ ಚೆಂದ ಮಾಡಿ ಹೇಳೋಕೆ ನಂಗೆ ಮನಸ್ಸಿಲ್ಲ. ಅದೇ ಜನ ನಿಮಗೆ ಎರಡು ದಿನ ಜ್ವರ ಬಂದು ಬಾಗಿಲು ತೆಗೀದೆ ಇದ್ರೆ ಗಂಜಿ ಉಪ್ಪಿನಕಾಯಿ ಹಿಡ್ಕೊಂಡು ಬಂದು ಬಡೀತಾರೆ. ಎರಡೂ ಒಟ್ಟಿಗೇ ಬರತ್ತೆ, ಒಂದನ್ನ ಮಾತ್ರ ಆರಿಸ್ಕೊಳ್ಳೋಕೆ ಆಗಲ್ಲ. ಪೇಟೆಯೊಳಗೆ ಮನೆ ಮಾಡಿದ್ರೆ ಸ್ವಲ್ಪ ಸುಲಭ, ಮಹಿಳೆಯರೇ ನಡೆಸೋ ಸಹಕಾರಿ ಸಂಘ, ಗ್ರಂಥಾಲಯ, ನಾಟಕ ತಾಳಮದ್ದಲೆ ಅಂತ ಓಡಾಡೋ ಗೆಳತಿಯರು ಸಿಗ್ತಾರೆ.

ಕೊನೇಗೆ ಹಿಂದಿನ ಸಾಲಿಂದ ಒಬ್ಬರು, ಸರಿ ಮೇಡಂ ಎಲ್ಲ ಕೇಳಿದ್ವಿ, ಆದ್ರೂ ಬರಬೇಕು ಅಂತಲೇ ಇದೆ, ಮೊದಲ ಹೆಜ್ಜೆ ಏನು ಅಂತ ಕೇಳಿದ್ರು. ಜಾಗ ನೋಡೋದು ಪೂರ್ತಿ ನಿಲ್ಲಿಸಿ ಅಂದೆ. ಮೇ ತಿಂಗಳ ಮಧ್ಯದಲ್ಲಿ ಬಂದು ಒಂದು ಬಾಡಿಗೆ ಮನೆ ಹಿಡೀರಿ, ದಂಡೆ ಹತ್ರ ಬೇಡ, ಬಸ್‌ಸ್ಟ್ಯಾಂಡಿಗೂ ಆಸ್ಪತ್ರೆಗೂ ನಡೆದು ಹೋಗೋ ಹಾಗೆ ಪೇಟೆ ಒಳಗೆ. ಮೇ ಸೆಕೆ ನೋಡಿ, ಮಳೆ ಹಿಡಿಯೋದು ನೋಡಿ, ಜೂನ್ ಜುಲೈ ಆಗಸ್ಟ್ ಅಲ್ಲಿಂದಲೇ ಕೆಲಸ ಮಾಡಿ, ಬೆಂಗಳೂರಿಗೆ ಓಡಿ ಬರಬೇಡಿ. ಚೌತಿ ಊರವರ ಜೊತೆ ಮಾಡಿ. ಕಾರು ಇಟ್ಕೊಳ್ಳದೆ ಸರ್ಕಾರಿ ಬಸ್ಸು ಟೆಂಪೋದಲ್ಲಿ ಓಡಾಡಿ, ಆಗಲೇ ಜನರ ಪರಿಚಯ ಆಗೋದು. ಬೆಂಗಳೂರಿನ ಮನೆ ಮಾರಬೇಡಿ, ಖಾಲಿ ಮಾಡಬೇಡಿ, ಬೇಕಾದ್ರೆ ಬಾಡಿಗೆಗೆ ಕೊಡಿ. ದಸರೆ ಹೊತ್ತಿಗೆ ಮನೆಯವರೆಲ್ಲ ಕೂತು ಮಾತಾಡಿ, ಗಂಡಸರು ಒಬ್ಬರೇ ತೀರ್ಮಾನ ಮಾಡಬೇಡಿ, ಯಾಕಂದ್ರೆ ಬೂಷ್ಟು ಒರೆಸೋದು ಬಟ್ಟೆ ಒಣಗಿಸೋದು ಹೆಚ್ಚಾಗಿ ಯಾರ ಪಾಲಿಗೆ ಬರತ್ತೆ ಅಂತ ಎಲ್ಲರಿಗೂ ಗೊತ್ತು. ಆಗಲೂ ಮನೆಯವರೆಲ್ಲರಿಗೂ ಇಲ್ಲೇ ಇರೋಣ ಅನ್ಸಿದ್ರೆ ನಂಗೆ ಫೋನ್ ಮಾಡಿ, ನಾನೇ ಜೊತೆಗೆ ಬಂದು ಪಹಣಿ ನೋಡ್ತೀನಿ, ಬಾವಿ ನೀರೂ ಕುಡಿದು ಹೇಳ್ತೀನಿ.